ಇಸಾಂಗೋಮಾ ಮನೆಯಲ್ಲೇ ಉಪ್ಪು-ಸಕ್ಕರೆ ನೀರು: ನನ್ನ ಅನುಭವ

ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್‌ನಲ್ಲಿ ಕೂಸಿಗೆ ಭೇದಿಯಾಗಿ ನೆತ್ತಿ ಕುಸಿದರೆ ಅದನ್ನು ‘ಇನ್ಯೋನಿ’ ಅನ್ನುತ್ತಾರೆ. ಎಷ್ಟೋ ತಾಯಂದಿರು ಕ್ಲಿನಿಕ್ಕಿಗಿಂತ ಮೊದಲು ಇಸಾಂಗೋಮಾ, ಅಂದರೆ ಅಲ್ಲಿನ ಪಾರಂಪರಿಕ ವೈದ್ಯರ ಮನೆಗೆ ಹೋಗುತ್ತಾರೆ. ಉಪ್ಪು-ಸಕ್ಕರೆ ನೀರಿನ ಚಿಕಿತ್ಸೆ ಅಲ್ಲಿಂದಲೇ ಶುರುವಾಗಲಿ ಎಂದು ನಾನು ಹೇಳಿದಾಗ ಕ್ಲಿನಿಕ್ಕಿನ ಜೊತೆಯವರು ‘ಆಗದ ಕೆಲಸ’ ಅಂದಿದ್ದರು. ಆಯಿತು.

ಮೊದಲು ಕೈಕೊಟ್ಟಿದ್ದು ಚೀಟಿ. ಮಗುವನ್ನು ನಮ್ಮಲ್ಲಿಗೆ ಕಳಿಸಲು ಇಂಗ್ಲಿಷಿನ ಐನೂರು ರೆಫರಲ್ ಚೀಟಿಗೆ ಸುಮಾರು 900 ರ‍್ಯಾಂಡ್ ಹೋಯಿತು; ಎರಡು ತಿಂಗಳಲ್ಲಿ ಬಂದದ್ದು ಏಳೋ ಎಂಟೋ. ಭಾಷೆಗಿಂತ ದೊಡ್ಡ ತೊಡಕು ಬೇರೆ: ಕಳಿಸಿದ ಮಗು ಏನಾಯಿತೆಂದು ಇಸಾಂಗೋಮಾಗಳಿಗೆ ಯಾರೂ ತಿಳಿಸುತ್ತಿರಲಿಲ್ಲ, ತಾಯಿಗೆ ಕ್ಲಿನಿಕ್ಕಿನಲ್ಲಿ ಬೈಗುಳ ಬೇರೆ. ಈಗ ಬರೀ ಕೆಂಪು ರಟ್ಟು. ಅರ್ಧ ನಮ್ಮಲ್ಲಿ, ಇನ್ನರ್ಧ ಮಗುವಿನ ಸ್ಥಿತಿಯ ಗುರುತಿನೊಂದಿಗೆ ಅವರಿಗೇ ವಾಪಸ್. ಖರ್ಚು ನೂರು ರ‍್ಯಾಂಡ್ ದಾಟಲಿಲ್ಲ.

ಉಪ್ಪು-ಸಕ್ಕರೆ ನೀರಿನ ಅಳತೆ ಗೊತ್ತಿದ್ದದ್ದೇ: ಕುದಿಸಿ ಆರಿಸಿದ 1 ಲೀಟರ್ ನೀರು, ಮಟ್ಟಸವಾಗಿ 8 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕೆಡುವುದು ಪಾತ್ರೆಯಲ್ಲಿ. ಮನೆಮನೆಯಲ್ಲೂ ಇರುವುದು 2 ಲೀಟರಿನ ತಂಪುಪಾನೀಯದ ಬಾಟಲಿ. ಅದನ್ನು ತುಂಬಿಸಿದರೆ ನೀರು ತೆಳು. ಅದಕ್ಕಿಂತ ಅಪಾಯ, ಗೋಪುರದಂತೆ ತುಂಬಿದ ಉಪ್ಪಿನ ಚಮಚ: ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು. ಬಾಟಲಿಗೆ 1 ಲೀಟರಿನ ಮಟ್ಟದಲ್ಲಿ ಉಗುರುಬಣ್ಣದ ಗೆರೆ ಎಳೆದೆವು, ಚಮಚವನ್ನು ದಾರದಲ್ಲಿ ಅದರ ಕತ್ತಿಗೇ ಕಟ್ಟಿದೆವು. ನೀರು 24 ಗಂಟೆ ದಾಟಿದರೆ ಚೆಲ್ಲಬೇಕು.

ಬಹಳ ಕಾಡಿದ್ದು ‘ಉಕುಚಾಥಾ’, ಗಿಡಮೂಲಿಕೆಯ ಎನಿಮಾ. ಭೇದಿಯ ಮಗುವಿಗೆ ಕೊಟ್ಟರೆ ಇದ್ದ ನೀರೂ ಹೋಗುತ್ತದೆ. ನಿಷೇಧ ಹೇಳಿದಾಗ ಕದ್ದು ಮಾಡಿದರು. ಇಂಪೆಫೋ ಧೂಪ, ಮಣಿ, ಅವರ ಶುಲ್ಕ ಯಾವುದನ್ನೂ ಮುಟ್ಟುವುದಿಲ್ಲ; ಮೊದಲು ನೀರು, ಆಮೇಲೆ ವಿಧಿ, ಎನಿಮಾ ಮಾತ್ರ ಬೇಡ ಎಂದು ಕೂತು ಮಾತಾಡಿದ ಮೇಲೆ ಒಪ್ಪಿದರು. ಹಿರಿಯ ಗೋಗೋಗಳನ್ನು (ಅಜ್ಜಿ-ವೈದ್ಯೆಯರನ್ನು) ಒಪ್ಪಿಸಿದ ಆ ಮೊದಲ ಮಾತು ನನ್ನಲ್ಲೇ ಇರಲಿ.

‘ಇಂಪಿಲಾ’ ಗೆಡ್ಡೆಯಲ್ಲಿ ಮಾತ್ರ ರಾಜಿಯಿಲ್ಲ. ಹೆಸರಿನ ಅರ್ಥ ಆರೋಗ್ಯ, ಆದರೆ ಅದರಲ್ಲಿರುವ ಅಟ್ರಾಕ್ಟಿಲೋಸೈಡ್ ಎಂಬ ವಿಷ ಯಕೃತ್ತು, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ, ರಕ್ತದ ಸಕ್ಕರೆ ಕುಸಿಯುತ್ತದೆ. ಕುಡಿಸಿದ್ದರೆ ಮುಚ್ಚಿಡದೆ ಹೇಳಲಿ ಎಂದು ರಟ್ಟಿನ ಮೂಲೆ ಮಡಚುವ ಗುರುತು ಇಟ್ಟೆವು. ಮೂಲೆ ಮಡಚಿದ್ದರೆ ಗ್ಲೂಕೋಸ್ ಪರೀಕ್ಷೆ ಮೊದಲು.

ನಡುವೆ ಬ್ಲೇಡಿನ ಪ್ರಯೋಗವೂ ನಡೆಯಿತು. ಚರ್ಮ ಗೀರಿ ಮುಥಿ (ನಾಟಿ ಮದ್ದು) ಹಚ್ಚುವ ‘ಉಕುಗ್ಚಾಬಾ’ಕ್ಕೆ ಪ್ರತಿಯೊಬ್ಬರಿಗೂ ಬೇರೆ ಬ್ಲೇಡ್ ಎಂದೆವು. ನಾವು ಪುಕ್ಕಟೆ ಕೊಟ್ಟಾಗ ಉಳಿಸಿ ಉಳಿಸಿ ಬಳಸಿದರು. ರೋಗಿಯೇ ಹೊಸದನ್ನು ತರಲಿ ಎಂದಾಗ ಸರಿಹೋಯಿತು.

ಕಳೆದ ಮಳೆಗಾಲದಲ್ಲಿ ವಾರಕ್ಕೆ ನಾಲ್ಕೈದು ಕೆಂಪು ರಟ್ಟು ಬರುತ್ತಿದ್ದವು. ಹೆಚ್ಚಿನ ಮಕ್ಕಳು ದಾರಿಯುದ್ದಕ್ಕೂ ಗುಟುಕರಿಸುತ್ತಲೇ ಬಂದಿದ್ದವು.