ಹನ್ನೆರಡು ತಟ್ಟೆಗಳ ಊಟಕ್ಕೆ ನಾನು ಸಿದ್ಧನಾದ ಬಗೆ

ಮದುವೆ ಮನೆಯ ಪಂಕ್ತಿಯಲ್ಲಿ ಎಲೆಯ ಎಡತುದಿಗೆ ಉಪ್ಪು ಬಿದ್ದು, ಅದರ ಪಕ್ಕದಲ್ಲಿ ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳು ಒಂದೊಂದಾಗಿ ಕೂತು, ಅನ್ನದ ಮೇಲೆ ತೊವ್ವೆ ಬಿದ್ದು ತುಪ್ಪ ಬರುವವರೆಗೆ ಕೈಕಟ್ಟಿ ಕಾಯುವ ಅಭ್ಯಾಸ ನನಗೆ ಬಾಲ್ಯದಿಂದಲೂ ಇದೆ. ಆದ್ದರಿಂದ, ಅಡುಗೆಮನೆಯವರು ಗೊತ್ತುಪಡಿಸಿದ ಕ್ರಮದಲ್ಲಿಯೇ ಉಣ್ಣಬೇಕಾದ ‘ಟೇಸ್ಟಿಂಗ್ ಮೆನು’ ನನಗೇನೂ ಹೊಸತಲ್ಲವೆಂದು ಭಾವಿಸಿ, ಕೆಲವು ವರ್ಷಗಳ ಹಿಂದೆ ಕೆಲಸದ ಮೇಲೆ ಹೋಗಿದ್ದ ಇನ್ನೊಂದು ನಗರದ ದುಬಾರಿ ರೆಸ್ಟೋರೆಂಟಿನಲ್ಲಿ ಯಾವ ತಯಾರಿಯೂ ಇಲ್ಲದೆ ಹೋಗಿ ಕುಳಿತೆ. ಆರನೆಯ ತಟ್ಟೆ ಬರುವಷ್ಟರಲ್ಲಿ ಹೊಟ್ಟೆ ತುಂಬಿತ್ತು. ಎಂಟನೆಯದನ್ನು ಮುಟ್ಟದೆ ಹಿಂದಕ್ಕೆ ಕಳುಹಿಸಿದೆ. ಬಿಲ್ಲನ್ನು ಮಾತ್ರ ಪೂರ್ತಿ ಕಟ್ಟಿದೆ. ಕಳೆದ ಡಿಸೆಂಬರಿನಲ್ಲಿ ಹೆಂಡತಿಯೊಂದಿಗೆ ಎರಡನೆಯ ಬಾರಿ ಅಂಥದೇ ಊಟಕ್ಕೆ, ಈ ಸಲ ಬೆಂಗಳೂರಿನಲ್ಲೇ, ಹೋಗುವ ಮೊದಲು ಏನೇನು ಮಾಡಿಕೊಂಡೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಾನು ಎಡವಿದ್ದು ಹೋಲಿಕೆಯಲ್ಲಿಯೇ. ಎಲೆಯೂಟದಲ್ಲಿ ಕ್ರಮವಿದೆ, ಆದರೆ ಕೊನೆಯ ಮಾತು ಉಣ್ಣುವವನದು. ಬಹುಪಾಲು ಪದಾರ್ಥಗಳು ಕಣ್ಣೆದುರೇ ಇರುತ್ತವೆ; ಯಾವುದಕ್ಕೆ ಯಾವುದನ್ನು ನೆಂಚಿಕೊಳ್ಳಬೇಕೆಂದು ನಾವೇ ನಿರ್ಧರಿಸುತ್ತೇವೆ, ಬೇಡವಾದಾಗ ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತೇವೆ, ಬೇಕಾದಾಗ ಹುಳಿಯವರನ್ನು ಕೂಗಿ ಕರೆಯುತ್ತೇವೆ. ಯೂರೋಪಿನ ಸಿರಿವಂತರ ಮನೆಗಳಲ್ಲಿಯೂ ಒಂದು ಕಾಲಕ್ಕೆ ಹತ್ತಾರು ಭಕ್ಷ್ಯಗಳನ್ನು ಒಮ್ಮೆಗೇ ಮೇಜಿನ ಮೇಲೆ ಹರಡಿಡುವ ಪದ್ಧತಿಯೇ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಒಂದಾದ ಮೇಲೊಂದರಂತೆ ಬಡಿಸುವ ‘ರಷ್ಯನ್ ಪದ್ಧತಿ’ ಅದನ್ನು ಬದಿಗೆ ಸರಿಸಿತು. 1970ರ ದಶಕದಲ್ಲಿ ಫ್ರಾನ್ಸಿನ ಹೊಸ ತಲೆಮಾರಿನ ಬಾಣಸಿಗರು ಜಪಾನಿನಲ್ಲಿ ಪುಟ್ಟ ಪುಟ್ಟ ತಟ್ಟೆಗಳಲ್ಲಿ ಒಂದೊಂದಾಗಿ ಬಡಿಸುವ ಕೈಸೆಕಿ ಊಟದಿಂದಲೂ ಪ್ರೇರಣೆ ಪಡೆದು ತಟ್ಟೆಗಳನ್ನು ಚಿಕ್ಕದಾಗಿಸಿದರು. ಸ್ಪೇನಿನಲ್ಲಿ ಬಾಣಸಿಗ ಫೆರಾನ್ ಅದ್ರಿಯಾ ನಡೆಸುತ್ತಿದ್ದ, 2011ರ ಜುಲೈನಲ್ಲಿ ಬಾಗಿಲು ಮುಚ್ಚಿದ ಎಲ್ ಬುಯಿ ರೆಸ್ಟೋರೆಂಟಿನಲ್ಲಿ ಒಂದು ರಾತ್ರಿಗೆ ಮೂವತ್ತಕ್ಕೂ ಹೆಚ್ಚು ತುತ್ತುಗಳು ಬರುತ್ತಿದ್ದವು. ಇಂಥ ಊಟದಲ್ಲಿ ಪ್ರಮಾಣ, ವೇಗ, ಜೊತೆಗೂಡುವ ರುಚಿ ಯಾವುದೂ ಉಣ್ಣುವವನ ಕೈಯಲ್ಲಿಲ್ಲ. ಹಾಗಾಗಿ ಅವನು ಹೇಳಬೇಕಾದದ್ದನ್ನೆಲ್ಲ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ ಮುಗಿಸಿರಬೇಕು.

ಹೇಳಬೇಕಾದದ್ದರಲ್ಲಿ ಮುಖ್ಯವಾದದ್ದು ನಾವು ಏನನ್ನು ತಿನ್ನುವುದಿಲ್ಲ ಎಂಬುದು. ಮೊದಲ ಸಲ ಬುಕಿಂಗ್ ಮಾಡುವಾಗ ‘ಸಸ್ಯಾಹಾರಿ’ ಎಂಬ ಚೌಕದಲ್ಲಿ ಗುರುತು ಹಾಕಿ ಸುಮ್ಮನಾಗಿದ್ದೆ. ಆ ಪದಕ್ಕೆ ನಮ್ಮ ಮನೆಯಲ್ಲಿರುವ ಅರ್ಥವೂ ಬೇರೆಯ ಅಡುಗೆಮನೆಯಲ್ಲಿರುವ ಅರ್ಥವೂ ಒಂದೇ ಆಗಿರಬೇಕಿಲ್ಲವೆಂದು ಆಮೇಲೆ ತಿಳಿಯಿತು. ಇಟಲಿಯ ಅಸಲಿ ಪಾರ್ಮಿಜಾನೋ ಚೀಸ್ ತಯಾರಿಸಲು ಹಾಲನ್ನು ಒಡೆಸುವುದು ಕರುವಿನ ಜಠರದಿಂದ ತೆಗೆದ ಕಿಣ್ವದಿಂದ. ಅಲುಗಾಡುವ ಅನೇಕ ಸಿಹಿಗಳನ್ನು ಗಟ್ಟಿಯಾಗಿಸುವ ಜೆಲಾಟಿನ್ ಪ್ರಾಣಿಗಳ ಚರ್ಮ ಮತ್ತು ಮೂಳೆಯದು. ಜಪಾನಿನ ದಾಶಿ ಸಾರಿನಲ್ಲಿ ಸಾಮಾನ್ಯವಾಗಿ ಒಣಮೀನಿನ ಎಸಳುಗಳಿರುತ್ತವೆ, ಆದರೆ ಕಡಲಪಾಚಿಯೊಂದರಿಂದಲೇ ಅದನ್ನು ಮಾಡಲೂ ಬರುತ್ತದೆ. ಇವನ್ನು ಬಲ್ಲ ಬಾಣಸಿಗರಿಗೆ ಬದಲಿ ಹುಡುಕುವುದು ಕಷ್ಟವಲ್ಲ. ಆದರೆ ಹಿಂದಿನ ದಿನವೇ ಕುದಿಸಿಟ್ಟ ಸಾರನ್ನು ಬಡಿಸುವ ಹೊತ್ತಿಗೆ ಬದಲಾಯಿಸಲು ಯಾರಿಂದಲೂ ಸಾಧ್ಯವಿಲ್ಲ.

ಈ ಬಾರಿ ಐದು ದಿನ ಮುಂಚಿತವಾಗಿ ಒಂದು ಇಮೇಲ್ ಬರೆದೆ. ನಾನು ಮೊಟ್ಟೆ ತಿನ್ನುತ್ತೇನೆ, ಹೆಂಡತಿ ತಿನ್ನುವುದಿಲ್ಲ, ಇಬ್ಬರಿಗೂ ಜೆಲಾಟಿನ್ ಮತ್ತು ಪ್ರಾಣಿಜನ್ಯ ಕಿಣ್ವದ ಚೀಸ್ ಬೇಡ, ಅಣಬೆ ಇಷ್ಟ, ಈರುಳ್ಳಿ ಬೆಳ್ಳುಳ್ಳಿ ಆಗಬಹುದು ಎಂದು ನಾಲ್ಕೇ ಸಾಲಿನಲ್ಲಿ ತಿಳಿಸಿದೆ. ಮರುದಿನ ಅಲ್ಲಿಂದ ದೂರವಾಣಿ ಕರೆ ಬಂತು. ಜೇನುತುಪ್ಪ ಆಗುತ್ತದೆಯೇ ಎಂದು ಕೇಳಿದ ಬಳಿಕ ಆ ಹುಡುಗ, “ಸರ್, ನಮ್ಮಲ್ಲಿ ಸೌದೆ ಒಲೆ ಒಂದೇ ಇರುವುದು. ಮಾಂಸ ಸುಟ್ಟ ಒಲೆಯಲ್ಲೇ ನಿಮ್ಮ ತರಕಾರಿಯನ್ನೂ ಸುಟ್ಟರೆ ಅಭ್ಯಂತರವಿಲ್ಲವೇ?” ಎಂದ. ಈ ಪ್ರಶ್ನೆ ನನಗೆ ಹೊಳೆದಿರಲೇ ಇಲ್ಲ. ಹೆಂಡತಿಯನ್ನು ಕೇಳಿದರೆ, “ಒಲೆ ಒಂದೇ ಇರಲಿ, ಜಾಲರಿ ಮಾತ್ರ ಬೇರೆ ಇಡಲು ಹೇಳಿ” ಎಂದಳು. ಅವರು ಒಪ್ಪಿದರು.

ಇನ್ನು ಹಸಿವಿನ ಲೆಕ್ಕ. ದುಬಾರಿ ಊಟವೆಂದು ಬೆಳಗಿನಿಂದ ಉಪವಾಸವಿದ್ದು ಹೋಗುವುದು ದೊಡ್ಡ ತಪ್ಪು. ನಾನು ಮೊದಲ ಸಲ ಮಾಡಿದ್ದು ಅದನ್ನೇ. ಹಸಿದವನ ಮುಂದೆ ಎರಡನೆಯ ತಟ್ಟೆಯ ಹೊತ್ತಿಗೆ ಬಿಸಿಬಿಸಿ ಹುಳಿಬ್ರೆಡ್ಡನ್ನೂ ಬೆಣ್ಣೆಯನ್ನೂ ಇಟ್ಟರೆ ಅವನು ಏನು ಮಾಡುತ್ತಾನೆ? ನಾನು ನಾಲ್ಕು ಹೋಳು ತಿಂದು ಐದನೆಯದನ್ನು ಕೇಳಿ ತರಿಸಿಕೊಂಡಿದ್ದೆ. (ಕೆನೆಗೆ ಹೆಪ್ಪು ಹಾಕಿ, ಹುಳಿ ಬಂದ ಮೇಲೆ ಕಡೆದು ತೆಗೆದ ಆ ಬೆಣ್ಣೆಯ ಮಹಿಮೆಯನ್ನು ಬಡಿಸುವವರು ಎರಡು ನಿಮಿಷ ವರ್ಣಿಸಿದ್ದರು. ನಮ್ಮಜ್ಜಿ ಅದನ್ನು ಬರೀ ಬೆಣ್ಣೆ ಎನ್ನುತ್ತಿದ್ದರು.) ಈ ಸಲ ಮಧ್ಯಾಹ್ನ ಒಂದು ಗಂಟೆಗೆ ಎಂದಿನಂತೆ ಅನ್ನ ಸಾರು ಉಂಡು, ಸಂಜೆಯ ಕಾಫಿ ತಿಂಡಿಯನ್ನು ಬಿಟ್ಟು, ಏಳೂವರೆಗೆ ಹೋಗಿ ಕುಳಿತೆವು. ಬ್ರೆಡ್ಡು ಬಂದಾಗ ಒಂದೇ ಹೋಳನ್ನು ಮುರಿದು ಇಬ್ಬರೂ ಹಂಚಿಕೊಂಡೆವು. ತಟ್ಟೆಯೊಂದರಲ್ಲಿ ಮೂರ್ನಾಲ್ಕು ತುತ್ತು ಇರುತ್ತದೆಂದರೂ ಹನ್ನೆರಡು ಸೇರಿದರೆ ಒಂದು ಪೂರ್ಣ ಊಟಕ್ಕಿಂತ ಹೆಚ್ಚೇ ಆಗುತ್ತದೆ, ಏಕೆಂದರೆ ಬಹುತೇಕ ಎಲ್ಲದರಲ್ಲೂ ಬೆಣ್ಣೆಯೋ ಎಣ್ಣೆಯೋ ಕೆನೆಯೋ ಇದ್ದೇ ಇರುತ್ತದೆ. ಊಟ ಮುಗಿಯಲು ನಮಗೆ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚೇ ಹಿಡಿಯಿತು.

ಮೂರನೆಯದಾಗಿ ಬಂದದ್ದು ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ನಾಲ್ಕು ಚಮಚದಷ್ಟು ತಿಳಿನೀರು. ತಳದ ಮಣ್ಣಿನ ಬಣ್ಣ ಕಾಣುವಷ್ಟು ತಿಳಿ. ಮೂಗಿನ ಹತ್ತಿರ ತಂದರೆ ಬಿಸಿಲಿನಲ್ಲಿ ಟೊಮೆಟೊ ಗಿಡದ ಎಲೆ ಉಜ್ಜಿದಂಥ ವಾಸನೆ. ಮಾಗಿದ ಟೊಮೆಟೊವನ್ನು ಉಪ್ಪು ಹಾಕಿ ಅರೆದು, ತೆಳುಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಿದರೆ ಹಿಂಡದೆಯೇ ತಾನಾಗಿ ತೊಟ್ಟಿಕ್ಕುವ ನೀರು ಅದು. ಹಿಂಡಿದರೆ ಕೆಂಪು ತಿರುಳು ಇಳಿದು ಕದಡಿಹೋಗುತ್ತದೆಯಂತೆ. ಮೇಲೆ ಒಂದೇ ಒಂದು ಕರಿಬೇವಿನ ಎಲೆ, ಎರಡು ಹನಿ ಇಂಗಿನ ಎಣ್ಣೆ. ಕಣ್ಣಿಗೆ ಸಾರಿನ ಲಕ್ಷಣವೇ ಇಲ್ಲ, ನಾಲಗೆಗೆ ಮಾತ್ರ ತಿಳಿಸಾರೇ. ಹೆಂಡತಿ ಕಣ್ಣು ಮುಚ್ಚಿ ಕುಡಿದು, “ಬೇಳೆ ಕಟ್ಟೊಂದು ಇಲ್ಲ, ಅಷ್ಟೇ” ಎಂದಳು. ಅನ್ನ ಕಲಸಿಕೊಳ್ಳಬೇಕೆಂಬ ಆಸೆ ನನಗೂ ಆಯಿತೆಂದು ಒಪ್ಪಿಕೊಳ್ಳಬೇಕು. ಆದರೆ ಅನ್ನವಿದ್ದಿದ್ದರೆ ಆ ಟೊಮೆಟೊ ಎಲೆಯ ವಾಸನೆ ನನ್ನ ಗಮನಕ್ಕೆ ಬರುತ್ತಿತ್ತೆಂಬ ನಂಬಿಕೆ ನನಗಿಲ್ಲ.

ಎಲ್ಲವೂ ಈ ಮಟ್ಟದಲ್ಲಿರಲಿಲ್ಲ. ಐದನೆಯದರಲ್ಲಿ ಹೊಗೆಯೇ ಹೆಚ್ಚು, ಗೆಣಸು ಕಡಿಮೆ. ಒಂಬತ್ತನೆಯದು ನೋಡಲಷ್ಟೇ ಚೆನ್ನಾಗಿತ್ತು. ಫೋಟೋ ತೆಗೆಯುವುದನ್ನು ಮೊದಲ ಎರಡು ತಟ್ಟೆಗಳಿಗೇ ನಿಲ್ಲಿಸಿ, ಮಡಚಿಟ್ಟುಕೊಂಡಿದ್ದ ಒಂದು ಕಾಗದದಲ್ಲಿ ಪ್ರತಿ ತಟ್ಟೆಗೆ ಮೂರ್ನಾಲ್ಕು ಪದಗಳನ್ನು ಗೀಚಿಕೊಳ್ಳುತ್ತ ಹೋದದ್ದರಿಂದಲೇ ಇಷ್ಟಾದರೂ ಈಗ ನೆನಪಿದೆ.

ಹಣದ ವಿಷಯವನ್ನು ಬುಕಿಂಗ್ ಮಾಡುವಾಗಲೇ ಕೇಳಿ ತಿಳಿದುಕೊಂಡಿದ್ದೆ. ಮೆನುವಿನ ಬೆಲೆಯ ಮೇಲೆ ಜಿಎಸ್‌ಟಿ ಸೇರುತ್ತದೆ: ಸ್ವತಂತ್ರ ರೆಸ್ಟೋರೆಂಟಾದರೆ ಸಾಮಾನ್ಯವಾಗಿ ಶೇಕಡ 5, ಕೋಣೆಗೆ ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಬಾಡಿಗೆಯಿರುವ ಹೋಟೆಲಿನ ಒಳಗಿದ್ದರೆ ಶೇಕಡ 18. ಸೇವಾ ಶುಲ್ಕವನ್ನು ಬಿಲ್ಲಿಗೆ ತಾನಾಗಿಯೇ ಸೇರಿಸುವಂತಿಲ್ಲವೆಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಎತ್ತಿಹಿಡಿದಿದೆ. ಪ್ರತಿ ತಟ್ಟೆಗೆ ಹೊಂದುವ ವೈನುಗಳಿಗೆ ಪ್ರತ್ಯೇಕ ದರವಿತ್ತು. ನಾವಿಬ್ಬರೂ ಕುಡಿಯುವವರಲ್ಲವಾದ್ದರಿಂದ ಅದನ್ನು ಬೇಡವೆಂದು ನೀರಿನಲ್ಲಿಯೇ ಊಟ ಮುಗಿಸಿದೆವು. ಅದರಿಂದ ಬೇರೆ ಪರಿಣಾಮವೇನಾದರೂ ಆದೀತೆಂದು ಆಗ ನಮಗೆ ತೋಚಲಿಲ್ಲ.

ಕೊನೆಯ ಸಿಹಿ ಮುಗಿದ ಮೇಲೆ ಮುಖ್ಯ ಬಾಣಸಿಗರೇ ಮೇಜಿನ ಬಳಿಗೆ ಬಂದು, ಯಾವುದು ಹಿಡಿಸಲಿಲ್ಲವೆಂದು ನೇರವಾಗಿ ಕೇಳಿದರು. ಹೊಗಳಿ ಕಳುಹಿಸುವುದು ಸುಲಭವಿತ್ತು. ಕಾಗದ ನೋಡಿಕೊಂಡು, ಏಳನೆಯ ಅಣಬೆಯ ತಟ್ಟೆಯಲ್ಲಿ ಉಪ್ಪು ಸ್ವಲ್ಪ ಮುಂದಾಗಿತ್ತು, ಆರನೆಯದರಿಂದಲೇ ಬಾಯಾರುತ್ತಿತ್ತು ಎಂದೆ. ಅವರು ನಮ್ಮ ಮೇಜಿನ ಮೇಲಿದ್ದ ನೀರಿನ ಲೋಟಗಳನ್ನು ಒಮ್ಮೆ ನೋಡಿದರು. “ಆರು ಮತ್ತು ಏಳನ್ನು ಹುಳಿ ವೈನಿನ ಜೊತೆ ರುಚಿ ನೋಡಿ ಉಪ್ಪು ಹೊಂದಿಸಿದ್ದೇವೆ ಸರ್. ವೈನ್ ಬೇಡವೆಂದವರಿಗೆ ನಾವು ಉಪ್ಪು ಇಳಿಸಬೇಕಿತ್ತು, ಇಲ್ಲವೇ ಕೋಕಂ ಪಾನಕವನ್ನಾದರೂ ಕೊಡಬೇಕಿತ್ತು” ಎಂದು, ಜೇಬಿನಿಂದ ಪೆನ್ನು ತೆಗೆದು ತಮ್ಮ ಅಂಗೈ ಮೇಲೆಯೇ ಅದನ್ನು ಬರೆದುಕೊಂಡರು.