ಶಾಲಾ ಗ್ರಂಥಾಲಯವನ್ನು ಬೇಸಿಗೆ ರಜೆಗೆ ಸಿದ್ಧಗೊಳಿಸುವುದು ಹೇಗೆ?

ಕಳೆದ ಕೆಲವು ವರ್ಷಗಳಿಂದ ರಾಜ್ಯದ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ ಇರುತ್ತದೆ. ಪಾಠ ಮಾಡುವವರಿಗೆ ವರ್ಷದ ಕೆಲಸ ಪರೀಕ್ಷೆಯೊಂದಿಗೆ ಮುಗಿಯುತ್ತದೆ. ಗ್ರಂಥಾಲಯ ನೋಡಿಕೊಳ್ಳುವವರಿಗೆ ಆಗಲೇ ಕೆಲಸ ಹೆಚ್ಚು. ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಪ್ರತ್ಯೇಕ ಗ್ರಂಥಪಾಲಕರಿಲ್ಲದೆ ಒಬ್ಬ ಶಿಕ್ಷಕರೇ ಈ ಹೊಣೆಯನ್ನೂ ಹೊರುವುದರಿಂದ, ಎಲ್ಲವನ್ನೂ ಕೊನೆಯ ವಾರಕ್ಕೆ ಬಿಡದೆ ಫೆಬ್ರುವರಿಯಲ್ಲೇ ಆರಂಭಿಸುವುದು ಒಳಿತು. ಪುಸ್ತಕಗಳನ್ನು ಮರಳಿ ಪಡೆದು, ಎಣಿಸಿ, ದುರಸ್ತಿ ಮಾಡಿ, ರಜೆ ಆರಂಭವಾಗುವ ಮುನ್ನ ಮತ್ತೆ ಮಕ್ಕಳ ಕೈಗೆ ಕೊಡುವುದೇ ಸರಿಯಾದ ಕ್ರಮ. ಓದಲು ಮಕ್ಕಳಿಗೆ ಅತಿ ಹೆಚ್ಚು ಬಿಡುವಿರುವ ದಿನಗಳಲ್ಲೇ ಕಪಾಟಿಗೆ ಬೀಗ ಹಾಕುವ ರೂಢಿಯನ್ನು ನಾವು ಬಿಡಲೇಬೇಕು.

ಮೊದಲು ಹತ್ತನೇ ತರಗತಿಯ ಮಕ್ಕಳಿಂದ ಪುಸ್ತಕ ಪಡೆಯಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಅವರು ಶಾಲೆಯತ್ತ ಬರುವುದು ಅಪರೂಪ. ಉಳಿದ ತರಗತಿಗಳಿಗೆ ದಿನಕ್ಕೊಂದರಂತೆ ಸರದಿ ಗೊತ್ತುಮಾಡಿ, ಬಾಕಿ ಪಟ್ಟಿಯನ್ನು ತರಗತಿ ಶಿಕ್ಷಕರಿಗೆ ಕೊಡಿ. ಬಾಕಿ ಉಳಿಸಿಕೊಂಡವರ ಹೆಸರನ್ನು ಪ್ರಾರ್ಥನೆಯ ವೇಳೆ ಓದಿ ಹೇಳುವುದು ಬೇಡ. ಪುಸ್ತಕ ಕಳೆದುಕೊಂಡ ಮಗು ಹಾಗೆ ಅವಮಾನಕ್ಕೊಳಗಾದರೆ ಮುಂದೆ ಗ್ರಂಥಾಲಯದ ಬಾಗಿಲಿಗೇ ಬರುವುದಿಲ್ಲ.

ಅನಂತರದ್ದು ದಾಸ್ತಾನು ಪರಿಶೀಲನೆ. ಇದಕ್ಕೆ ಇಬ್ಬರು ಬೇಕು. ಅಕ್ಸೆಷನ್ ರಿಜಿಸ್ಟರಿನ (ಗ್ರಂಥಾಲಯಕ್ಕೆ ಬಂದ ಪ್ರತಿ ಪುಸ್ತಕವನ್ನೂ ಒಂದೊಂದು ಕ್ರಮಸಂಖ್ಯೆ ಕೊಟ್ಟು ದಾಖಲಿಸುವ ವಹಿ) ಕ್ರಮ ಹಿಡಿದು ಒಂದೊಂದು ಪುಸ್ತಕವನ್ನು ಹುಡುಕುತ್ತ ಹೋದರೆ ದಿನಗಟ್ಟಲೆ ಹಿಡಿಯುತ್ತದೆ. ಅದರ ಬದಲು ಒಬ್ಬರು ಕಪಾಟಿನ ಸಾಲಿನಲ್ಲಿರುವಂತೆಯೇ ಪುಸ್ತಕ ತೆಗೆದು ಅಕ್ಸೆಷನ್ ಸಂಖ್ಯೆ ಓದಿ ಹೇಳುತ್ತ ಹೋಗಬೇಕು, ಇನ್ನೊಬ್ಬರು ರಿಜಿಸ್ಟರಿನಲ್ಲಿ ಆ ಸಂಖ್ಯೆಯ ಮುಂದೆ ಪೆನ್ಸಿಲಿನಿಂದ ಗುರುತು ಹಾಕಬೇಕು. ಗುರುತು ಬೀಳದವುಗಳನ್ನು ಕೂಡಲೇ ‘ಕಳೆದಿದೆ’ ಎಂದು ಬರೆಯಬೇಡಿ. ತಪ್ಪು ಕಪಾಟು, ಸಾಲಿನ ಹಿಂಭಾಗ, ಶಿಕ್ಷಕರ ಕೊಠಡಿ, ಪ್ರಯೋಗಾಲಯ, ಮುಖ್ಯ ಶಿಕ್ಷಕರ ಮೇಜು ಇವೆಲ್ಲವನ್ನೂ ನೋಡಿ, ವಿತರಣಾ ರಿಜಿಸ್ಟರಿನೊಂದಿಗೆ ತಾಳೆ ಹಾಕಿದ ಮೇಲಷ್ಟೇ ನಷ್ಟದ ಪಟ್ಟಿ ಸಿದ್ಧವಾಗಬೇಕು.

ಪುಸ್ತಕ ಕಳೆದರೆ ಸಂಬಳದಿಂದ ಕಟ್ಟಬೇಕಾದೀತು ಎಂಬ ಭಯದಿಂದಲೇ ಅನೇಕರು ಎರವಲು ಕೊಡಲು ಹಿಂಜರಿಯುತ್ತಾರೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಈ ವಿಚಾರದಲ್ಲಿ ವಿವೇಕದಿಂದ ಕೂಡಿವೆ. 20,000 ಸಂಪುಟಗಳವರೆಗಿನ ಗ್ರಂಥಾಲಯದಲ್ಲಿ ಪ್ರತಿವರ್ಷ ಪೂರ್ಣ ಪರಿಶೀಲನೆ ನಡೆಯಬೇಕೆನ್ನುವ ಆ ನಿಯಮಗಳೇ, ವರ್ಷದಲ್ಲಿ ಬಳಕೆಯಾದ ಪ್ರತಿ 1,000 ಸಂಪುಟಗಳಿಗೆ 5 ನಷ್ಟವಾಗುವುದನ್ನು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಲ್ಲದಿದ್ದರೆ, ಸಹಜವೆಂದು ಒಪ್ಪುತ್ತವೆ. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಅಥವಾ ಅಪರೂಪದ ಗ್ರಂಥ ಕಾಣೆಯಾದರೆ ಮಾತ್ರ ವಿಚಾರಣೆ ಕಡ್ಡಾಯ. ರಾಜ್ಯದ ಶಾಲೆಗಳವರು ತಮ್ಮ ಇಲಾಖೆಯ ಕ್ರಮವನ್ನೇ ಅನುಸರಿಸಬೇಕು. ಎಲ್ಲಿಯೇ ಆಗಲಿ, ಮೇಲಧಿಕಾರಿಗಳ ಲಿಖಿತ ಒಪ್ಪಿಗೆಯಿಲ್ಲದೆ ರಿಜಿಸ್ಟರಿನಿಂದ ಯಾವ ಪುಸ್ತಕವನ್ನೂ ಹೊಡೆದುಹಾಕಬಾರದು.

ಎಣಿಸುವಾಗಲೇ ಹರಿದ ಪುಸ್ತಕಗಳನ್ನು ಬೇರೆಯಿಡಿ. ಪಾರದರ್ಶಕ ಅಂಟುಪಟ್ಟಿ ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದವನ್ನೇ ಕೆಡಿಸುವುದರಿಂದ, ತೆಳುವಾದ ಕಾಗದ ಮತ್ತು ಪಿಷ್ಟದ ಅಂಟು ಬಳಸುವುದು ಉತ್ತಮ. ಹೊಲಿಗೆ ಬಿಚ್ಚಿದವುಗಳನ್ನು ಬೈಂಡಿಂಗಿಗೆ ಕಳುಹಿಸಿ.

ಮುಂದಿನ ಹೆಜ್ಜೆ ರಜೆಯ ಎರವಲು. ‘ಪುಸ್ತಕಗಳಿರುವುದು ಬಳಕೆಗಾಗಿ’ ಎಂಬುದು ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದು. ನಿಘಂಟು, ವಿಶ್ವಕೋಶಗಳನ್ನು ಉಳಿಸಿಕೊಂಡು, ಪ್ರತಿ ಮಗುವಿಗೂ ಮೂರು ನಾಲ್ಕು ಪುಸ್ತಕಗಳನ್ನು ಕೊಡಬಹುದು. ಆಯ್ಕೆ ಮಗುವಿನದೇ ಆಗಿರಲಿ. ತೆಳುವಾದ ಕಥೆಪುಸ್ತಕವನ್ನೇ ಆರಿಸಿಕೊಂಡ ಎಂಟನೇ ತರಗತಿಯ ಹುಡುಗನನ್ನು ತಡೆಯಬೇಕಾಗಿಲ್ಲ. ಇದಕ್ಕೆಂದೇ ಬೇರೊಂದು ವಹಿಯಿಟ್ಟು, ಪೋಷಕರ ದೂರವಾಣಿ ಸಂಖ್ಯೆ ಮತ್ತು ಹಿಂತಿರುಗಿಸುವ ದಿನವನ್ನು ಬರೆದುಕೊಳ್ಳಿ. ಒಂದೇ ಊರಿನ ಅಥವಾ ಬೀದಿಯ ಮಕ್ಕಳಿಗೆ ಬೇರೆ ಬೇರೆ ಪುಸ್ತಕ ಕೊಟ್ಟರೆ ಅವರು ತಮ್ಮತಮ್ಮಲ್ಲೇ ಬದಲಿಸಿಕೊಂಡು ಓದುತ್ತಾರೆ. ರಜೆಗೆ ಅಜ್ಜಿಯ ಊರಿಗೆ ಹೋಗುವವರಿಗೆ ಅಲ್ಲಿನ ಗ್ರಾಮ ಪಂಚಾಯಿತಿ ಗ್ರಂಥಾಲಯದ ಬಗ್ಗೆಯೂ ಹೇಳಿ. ‘ಓದುವ ಬೆಳಕು’ ಕಾರ್ಯಕ್ರಮ ಬಂದ 2020ರಿಂದ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ.

ಉಳಿದ ಪುಸ್ತಕಗಳಿಗೆ ಶತ್ರುಗಳು ಗೆದ್ದಲು, ತೇವ ಮತ್ತು ದೂಳು. ಗೋಡೆಗೂ ಕಪಾಟಿಗೂ ನಡುವೆ ಒಂದು ಗೇಣು ಅಂತರವಿರಲಿ. ಗೋಡೆಯ ಮೇಲೆ ಮಣ್ಣಿನ ಸಣ್ಣ ಗೆರೆಗಳು ಕಂಡರೆ ಗೆದ್ದಲು ಬಂದಿದೆಯೆಂದೇ ತಿಳಿದು, ಅದನ್ನು ತೆಗೆಸಿದ ಮೇಲಷ್ಟೇ ಬೀಗ ಹಾಕಬೇಕು. ಪುಸ್ತಕಗಳನ್ನು ಗಾಳಿಯಾಡುವಷ್ಟು ಸಡಿಲವಾಗಿ ನಿಲ್ಲಿಸಿ. ಬೇಸಿಗೆಯೆಂದರೆ ಮಳೆಯಿಲ್ಲ ಎಂದು ಭಾವಿಸಲಾಗದು: ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಹೆಂಚಿನ ಮಾಡು ಸೋರಬಹುದು, ಕಿಟಕಿಯಿಂದ ಇರಚಲು ಬರಬಹುದು. ಆದ್ದರಿಂದ ಸೋರುವ ಜಾಗದ ಕೆಳಗಿನ ಕಪಾಟನ್ನು ಮೊದಲೇ ಸರಿಸಿ, ಕೆಳಗಿನ ಅಂಕಣವನ್ನು ಖಾಲಿ ಬಿಡಿ. ಲೆಕ್ಕ ಗಣಕಯಂತ್ರದಲ್ಲಿದ್ದರೆ ಅದರ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ಇಳಿಸಿ, ಪರಿಶೀಲನಾ ವರದಿ ಮತ್ತು ಬೀಗದ ಕೈಯೊಂದಿಗೆ ಮುಖ್ಯ ಶಿಕ್ಷಕರಿಗೆ ಒಪ್ಪಿಸಿ. ರಜೆಯಲ್ಲಿ ವರ್ಗಾವಣೆಯಾದರೆ ನಿಮ್ಮನ್ನು ಕಾಯುವುದು ಆ ಸಹಿ ಮಾಡಿದ ವರದಿಯೇ.

ಮೇ ಕೊನೆಯಲ್ಲಿ ಬಾಗಿಲು ತೆರೆದಾಗ, ಮುಂಗಾರು ಹಿಡಿದುಕೊಳ್ಳುವ ಮೊದಲು ಕಿಟಕಿಗಳನ್ನು ತೆಗೆದು ಗಾಳಿಯಾಡಲು ಬಿಡಿ. ಬೂಷ್ಟು ಹಿಡಿದ ಪುಸ್ತಕಗಳನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲಿ ಬಿಡಿಸಿಟ್ಟು ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೃದುವಾದ ಕುಂಚದಿಂದ ಹೊರಗೆ ಒರೆಸಬೇಕು. ರಜೆಯ ಪುಸ್ತಕಗಳನ್ನು ಹಿಂದಕ್ಕೆ ಪಡೆಯಲು ಒಂದು ವಾರ ಕೊಟ್ಟು, ತಂದ ಮಗುವಿಗೆ ಅದೇ ದಿನ ಹೊಸ ಪುಸ್ತಕ ಕೊಡಿ.