ಜುಲೈ ರಾತ್ರಿ ಬಾಗಿಲು ಬಡಿದವನು

ನಾನು ದೆವ್ವದ ಕತೆ ಬರೆಯುತ್ತೇನೆ, ಬೇರೆ ಹೆಸರಿನಲ್ಲಿ. ಕಾರವಾರದಲ್ಲಿ ಮಕ್ಕಳಿಗೆ ಪಾಠ ಹೇಳುವ ಅಕ್ಕೋರು ಶೃಂಗಾರ ಬೆರೆತ ದೆವ್ವದ ಕತೆ ಬರೆಯುತ್ತಾರೆ ಅಂತ ಗೊತ್ತಾದರೆ ಮಾರನೇ ದಿನವೇ ಪಾಲಕರ ಸಭೆ.

ಮೊದಮೊದಲು ಎರಡನ್ನೂ ಬೇರೆ ಬೇರೆ ಬರೆಯುತ್ತಿದ್ದೆ. ಒಂದು ಪತ್ರಿಕೆಯಿಂದ ದೆವ್ವದ ಕತೆ ವಾಪಸ್ ಬಂತು. "ದೆವ್ವ ಇದೆ, ಹೆದರಿಕೆ ಇಲ್ಲ" ಅಂತ ಒಂದೇ ಸಾಲು ಬರೆದಿದ್ದರು. ಸಿಟ್ಟು ಬಂತು. ಆದರೆ ಮಾತು ನಿಜವೇ ಆಗಿತ್ತು. ಶೃಂಗಾರದ ಕತೆಗಳ ಪಾಡೂ ಅಷ್ಟೇ. ಇಬ್ಬರು ಕೈ ಹಿಡಿಯುವ ತನಕ ಚೆನ್ನಾಗಿರುತ್ತಿತ್ತು, ಆಮೇಲೆ ಸಪ್ಪೆ.

ದಾರಿ ತೋರಿಸಿದ್ದು ಯಕ್ಷಗಾನದ ಆಟ. ನನ್ನ ತವರು ಕುಮಟಾ ಕಡೆ. ಹತ್ತು ವರ್ಷದವಳಿದ್ದಾಗ ಅಜ್ಜಿಯ ಜೊತೆ ಪಂಚವಟಿ ಪ್ರಸಂಗ ನೋಡಲು ಹೋಗಿದ್ದೆ. ಚಾಪೆ ಮೇಲೆ ನಿದ್ದೆ ಹೋದವಳು ಚಂಡೆ ಸದ್ದಿಗೆ ಎದ್ದು ಕೂತೆ. ಘೋರ ಶೂರ್ಪನಖಿ ಬರುತ್ತಿದ್ದಳು. ಹೆಣ್ಣು ಬಣ್ಣದ ವೇಷ, ದೊಂದಿ, ರಾಳ ಎರಚಿದಾಗ ಭಗ್ ಅನ್ನುವ ಬೆಂಕಿ, ಆ ಅಟ್ಟಹಾಸ. ಅಜ್ಜಿಯ ಸೆರಗಿನೊಳಗೆ ಮುಖ ಮುಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ ಎಲ್ಲ ತಣ್ಣಗಾಯಿತು. ಭಾಗವತರ ದನಿ ಮೆತ್ತಗಾಯಿತು. ಇಣುಕಿದರೆ ಚಂದದ ಹೆಣ್ಣೊಂದು ಕುಣಿಯುತ್ತಿದೆ, ಮಾಯಾ ಶೂರ್ಪನಖಿ. ಬೇರೆ ಕಲಾವಿದ, ಬೇರೆ ವೇಷ. ಅಜ್ಜಿ ಕಿವಿಯಲ್ಲಿ ಹೇಳಿದಳು: "ಅವಳೇ ಇವಳು."

ಆಗ ಆದ ಹೆದರಿಕೆಯ ಮುಂದೆ ದೊಂದಿಯ ಹೆದರಿಕೆ ಏನೂ ಅಲ್ಲ. ಅವಳು ರಾಮನ ಹತ್ತಿರ ಹತ್ತಿರ ಹೋಗುತ್ತಿದ್ದರೆ ಕಣ್ಣು ಕೀಳಲು ಆಗುತ್ತಿರಲಿಲ್ಲ.

ಕತೆ ವಾಪಸ್ ಬಂದ ಮೇಲೆ ಈ ರಾತ್ರಿ ನೆನಪಾಯಿತು. ನಾನು ದೆವ್ವವನ್ನು ಕೊನೆಯ ಪುಟದ ತನಕ ಬಚ್ಚಿಡುತ್ತಿದ್ದೆ. ಆಟದಲ್ಲಿ ಮೊದಲೇ ತೋರಿಸಿಬಿಡುತ್ತಾರೆ. ಗೊತ್ತಿದ್ದೂ ನೋಡಬೇಕು, ಅಲ್ಲೇ ಇರುವುದು ಮಜಾ.

ಕಾಲೇಜಿನಲ್ಲಿ ಕಾವ್ಯಮೀಮಾಂಸೆ ಓದುವಾಗ ಎಂಟು ಸಾತ್ವಿಕ ಭಾವಗಳನ್ನು ಬಾಯಿಪಾಠ ಮಾಡಿದ್ದೆವು. ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ. ಮೈ ಮರಗಟ್ಟುವುದು, ಬೆವರು, ರೋಮ ನಿಲ್ಲುವುದು, ದನಿ ಒಡೆಯುವುದು, ನಡುಕ, ಬಣ್ಣಗೆಡುವುದು, ಕಣ್ಣೀರು, ಎಚ್ಚರ ತಪ್ಪುವುದು. ಪರೀಕ್ಷೆ ಮುಗಿದು ಎಷ್ಟೋ ವರ್ಷದ ಮೇಲೆ ಹೊಳೆಯಿತು. ಇದು ದೆವ್ವ ಕಂಡವಳ ಪಟ್ಟಿಯೋ, ನಲ್ಲನನ್ನು ಕಂಡವಳ ಪಟ್ಟಿಯೋ? ಎರಡೂ ಹೌದು. ಮೈಗೆ ಭಾಷೆ ಒಂದೇ.

1974ರಲ್ಲಿ ಡಟನ್ ಮತ್ತು ಆರನ್ ಎಂಬ ಮನಶ್ಶಾಸ್ತ್ರಜ್ಞರು ಕೆನಡಾದ ಕ್ಯಾಪಿಲಾನೊ ತೂಗುಸೇತುವೆಯ ಮೇಲೆ ಇದನ್ನೇ ನೋಡಿದರು. ಕೆಳಗೆ 230 ಅಡಿ ಆಳ. ಸೇತುವೆ ದಾಟುವ ಗಂಡಸರನ್ನು ಒಬ್ಬ ಹುಡುಗಿ ಮಾತಾಡಿಸಿ ತನ್ನ ಫೋನ್ ನಂಬರ್ ಕೊಡುತ್ತಿದ್ದಳು. ಓಲಾಡುವ ಸೇತುವೆಯ ಮೇಲೆ ನಂಬರ್ ತೆಗೆದುಕೊಂಡ 18 ಜನರಲ್ಲಿ 9 ಮಂದಿ ಫೋನ್ ಮಾಡಿದರು. ಗಟ್ಟಿ ಸೇತುವೆಯ ಮೇಲೆ ತೆಗೆದುಕೊಂಡ 16ರಲ್ಲಿ ಇಬ್ಬರು ಮಾತ್ರ. ಎದೆ ಹೊಡೆದುಕೊಂಡಿದ್ದು ಯಾವುದಕ್ಕೆ ಅಂತ ಅವರಿಗೇ ತಿಳಿಯಲಿಲ್ಲ ಅನ್ನಿ. (ಮದುವೆಯ ಹೊಸತರಲ್ಲಿ ನಮ್ಮನೆಯವರು ನನ್ನನ್ನು ಸಹಸ್ರಲಿಂಗದ ತೂಗುಸೇತುವೆಗೆ ಕರೆದುಕೊಂಡು ಹೋಗಿದ್ದರು. ಈಗ ಅನುಮಾನ.)

ಇಷ್ಟು ತಿಳಿದ ಮೇಲೆ ಮೂರು ಕತೆ ಬರೆದೆ. ಮೂರರಲ್ಲೂ ಮೋಹಿನಿ. ಮಲ್ಲಿಗೆ ವಾಸನೆ, ಬಿಳಿ ಸೀರೆ, ದಾರಿ ತಪ್ಪಿದ ಗಂಡಸು. ಪ್ರಕಟವೂ ಆದವು. ನನ್ನ ಗುಟ್ಟು ಗೊತ್ತಿರುವ ಗೆಳತಿ ಒಬ್ಬಳೇ. ಓದಿ ಕೇಳಿದಳು: "ಆಸೆಪಟ್ಟ ಹೆಂಗಸೆಲ್ಲ ನಿನ್ನ ಕತೇಲಿ ದೆವ್ವವೇ ಯಾಕೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಶೂರ್ಪನಖಿಗೂ ಅಷ್ಟೇ ಅಲ್ವಾ, ಆಸೆ ಹೇಳಿಕೊಂಡಿದ್ದಕ್ಕೆ ಮೂಗು ಹೋಯಿತು. ಐರ್ಲೆಂಡಿನ ಲೆ ಫಾನು 1872ರ ಹೊತ್ತಿಗೇ, ಡ್ರಾಕುಲಾ ಬರುವ 25 ವರ್ಷ ಮೊದಲೇ, ರಕ್ತ ಹೀರುವ ಹೆಣ್ಣೊಬ್ಬಳನ್ನು ಬರೆದಿದ್ದ. ಅವಳ ಎದೆಗೂ ಕೊನೆಗೆ ಗೂಟವೇ. ನಾನೂ ಅದೇ ಸಾಲಿನಲ್ಲಿ ನಿಂತು ಶಿಕ್ಷೆ ಕೊಡುತ್ತಿದ್ದೆ. ಹೆದರಿಸುತ್ತಿದ್ದೇನೆ ಅಂದುಕೊಂಡಿದ್ದು ಬುದ್ಧಿವಾದವಾಗಿತ್ತು.

ಹಾಗಾಗಿ ತಿರುಗಿಸಿದೆ. ದೆವ್ವ ಗಂಡಸು, ಆಸೆ ಬದುಕಿರುವ ಹೆಂಗಸಿನದು. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ಇಲ್ಲ. ಬೈತಖೋಲ ಬಂದರಿನಲ್ಲಿ ಎಲ್ಲ ಕಟ್ಟಿ ನಿಲ್ಲಿಸಿರುತ್ತಾರೆ. ನನ್ನ ಕತೆಯ ಗಂಡ ಮೇ ತಿಂಗಳಲ್ಲಿ ಸಮುದ್ರಕ್ಕೆ ಹೋದವನು ಬಂದಿಲ್ಲ. ಜುಲೈ ರಾತ್ರಿ, ಜೋರು ಮಳೆಯಲ್ಲಿ ಬಾಗಿಲು ಬಡಿಯುತ್ತಾನೆ. "ಈಗಷ್ಟೇ ದಡಕ್ಕೆ ಬಂದೆ" ಅನ್ನುತ್ತಾನೆ. ಯಾವ ಬೋಟೂ ನೀರಿಗೆ ಇಳಿದಿಲ್ಲ ಅಂತ ಅವಳಿಗೆ ಗೊತ್ತು. ಓದುಗರಿಗೂ ಮೊದಲ ಪುಟದಲ್ಲೇ ಗೊತ್ತು. ಅವಳು ಚಿಲಕ ತೆಗೆಯುತ್ತಾಳೆ.

ಮೊದಲ ಸಲ ಬರೆದಾಗ ಅವರಿಬ್ಬರನ್ನು ನೇರ ಹಾಸಿಗೆಗೆ ಕಳಿಸಿದ್ದೆ. ಹೆದರಿಕೆ ಅಲ್ಲೇ ಸತ್ತುಹೋಯಿತು. ಎರಡನೇ ಸಲ ಅವಳ ಕೈಗೆ ಒಂದು ಟವೆಲ್ ಕೊಟ್ಟೆ. ತಲೆ ಒರೆಸುತ್ತಾಳೆ. ಎಷ್ಟು ಒರೆಸಿದರೂ ಕೂದಲು ಒಣಗುವುದಿಲ್ಲ. ಕುತ್ತಿಗೆ ಒರೆಸುತ್ತಾಳೆ, ಬೆನ್ನು ಒರೆಸುತ್ತಾಳೆ. ಟವೆಲ್ ಹಿಂಡಿದರೆ ಉಪ್ಪು ನೀರು. ಬರೀ ಇದಕ್ಕೇ ನಾಲ್ಕು ಪುಟ. ನನಗೆ ನಾನೇ ಒಂದು ಕಟ್ಟುಪಾಡು ಹಾಕಿಕೊಂಡೆ: ಹೆದರಿಕೆ, ಆಸೆ ಎರಡಕ್ಕೂ ದುಡಿಯದ ವಾಕ್ಯವನ್ನು ಹೊಡೆದುಹಾಕಬೇಕು. "ಅವನ ಬೆರಳು ತಣ್ಣಗಿತ್ತು" ಉಳಿಯಿತು. "ಅವಳಿಗೆ ಭಯವಾಯಿತು" ಹೋಯಿತು. "ಅವಳಿಗೆ ಆಸೆಯಾಯಿತು" ಕೂಡ ಹೋಯಿತು. ದೀಪ ಆರುವ ಹೊತ್ತಿಗೆ ಕತೆ ನಿಲ್ಲಿಸಿದೆ.

ಕಳಿಸುವ ಮುಂಚೆ, ಮೀನು ಮಾರುವ ಹೆಂಗಸಿನ ಮುಂದೆ ಕುಳಿತಾಗ, ಯಾರೋ ಹೇಳಿದ ಕತೆ ಅಂತ ಸುಮ್ನೆ ಹೇಳಿದೆ. ಅವಳು ಬಂಗುಡೆ ಹೆಚ್ಚುತ್ತಾ ಕೇಳಿಸಿಕೊಂಡಳು.

"ಬೋಟು ಇಲ್ಲದಿದ್ರೇನು ಅಕ್ಕೋರೇ, ಮಳೆಗಾಲದಲ್ಲೂ ನಾಡದೋಣಿ ಹೋಗ್ತದಲ್ಲ. ಅದ್ರಲ್ಲಿ ಬಂದಿರಬಹುದು."

ನಾನು ನಾಡದೋಣಿಯನ್ನು ಮರೆತೇಬಿಟ್ಟಿದ್ದೆ. ತಪ್ಪು ತಿದ್ದಬೇಕು ಅಂತ ಮನೆಗೆ ಬಂದು ಕೂತೆ. ಆದರೆ ತಿದ್ದಲಿಲ್ಲ, ಅವಳ ಮಾತನ್ನೇ ನನ್ನ ಕತೆಯ ಹೆಂಗಸಿನ ಬಾಯಿಗೆ ಹಾಕಿದೆ. ಟವೆಲ್ ಹಿಂಡುತ್ತಾ ತನಗೆ ತಾನೇ ಅಂದುಕೊಳ್ಳುತ್ತಾಳೆ: ನಾಡದೋಣಿಯಲ್ಲಿ ಬಂದಿರಬಹುದು.